ಎರಡು ಸಿಗರೇಟು, ಹತ್ತು ವರ್ಷ: ಪಂಕ್ ಸಂಗೀತವೂ ಗಾಂಜಾ ಕಾನೂನೂ ಕೂಡಿದ ಕಥೆ

2024ರ ಮೊದಲ ಐದು ತಿಂಗಳಲ್ಲಿ, ಎಂಸಿ5 ಎಂಬ ಅಮೆರಿಕದ ಹಳೆಯ ರಾಕ್ ತಂಡಕ್ಕೆ ಸೇರಿದ ಮೂವರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಫೆಬ್ರವರಿ 2ರಂದು ಗಿಟಾರ್ ವಾದಕ ವೇಯ್ನ್ ಕ್ರೇಮರ್. ಏಪ್ರಿಲ್ 2ರಂದು, ಒಂದು ಕಾಲಕ್ಕೆ ಆ ತಂಡದ ವ್ಯವಸ್ಥಾಪಕರಾಗಿದ್ದ ಕವಿ ಜಾನ್ ಸಿಂಕ್ಲೇರ್. ಮೇ ತಿಂಗಳಲ್ಲಿ ಡ್ರಮ್ ವಾದಕ ಡೆನಿಸ್ ಥಾಂಪ್ಸನ್. ಅಲ್ಲಿಗೆ, ಹೆಸರು ಮಾಡಿದ ಆ ಐವರು ವಾದಕರಲ್ಲಿ ಯಾರೂ ಉಳಿಯಲಿಲ್ಲ. ಅದೇ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಗಾಂಜಾವನ್ನು ಅತ್ಯಂತ ಕಠಿಣವಾದ ಮಾದಕ ಪಟ್ಟಿಯಿಂದ ಕೆಳಗಿಳಿಸುವ ಪ್ರಸ್ತಾವವನ್ನು ಪ್ರಕಟಿಸಿತು.

ಪತ್ರಿಕೆಯ ಬೇರೆ ಬೇರೆ ಪುಟಗಳಲ್ಲಿ ಅಚ್ಚಾದ ಈ ಸುದ್ದಿಗಳ ಬೇರು ಒಂದೇ ಊರಿನಲ್ಲಿದೆ. ಅದು ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರು.

ಆ ಪ್ರದೇಶ ಕನ್ನಡಿಗರಿಗೆ ಅಪರಿಚಿತವಲ್ಲ. ಪಕ್ಕದ ಡೆಟ್ರಾಯಿಟ್ ಕಾರು ಕಂಪನಿಗಳ ನಗರ. ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡ ಕುಟುಂಬಗಳು ಸುತ್ತಲಿನ ಟ್ರಾಯ್, ನೋವೈ, ಕ್ಯಾಂಟನ್‌ಗಳಲ್ಲಿ ನೆಲೆಸಿವೆ. ಅವರ ಪಂಪ ಕನ್ನಡ ಕೂಟವೂ ಇದೆ. ಮಕ್ಕಳನ್ನು ನೋಡಲು ಹೋದ ತಂದೆತಾಯಿ ರಸ್ತೆಬದಿಯಲ್ಲಿ ಗಾಂಜಾ ಅಂಗಡಿಯ ಫಲಕವನ್ನು ಕಂಡು ಬೆರಗಾಗುತ್ತಾರೆ. 'ಇಲ್ಲಿ ಇದು ತಪ್ಪಲ್ಲವೇನಪ್ಪ?' ಎಂದು ಕೇಳಿದರೆ, 'ತಪ್ಪಲ್ಲ, ಆದರೆ ನಾವು ಮುಟ್ಟುವ ಹಾಗಿಲ್ಲ' ಎಂಬ ಉತ್ತರ ಬರುತ್ತದೆ. ಅದರ ಎರಡು ಭಾಗಗಳೂ ನಿಜ. ಅವು ಹೇಗೆ ಒಟ್ಟಿಗೆ ನಿಜವಾಗಿವೆ ಎಂಬುದನ್ನು ತಿಳಿಯಲು 1966ರ ಒಂದು ಚಳಿಗಾಲದ ದಿನಕ್ಕೆ ಹೋಗಬೇಕಾಗುತ್ತದೆ. ಅದಕ್ಕೂ ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ: ಪಂಕ್ ಮತ್ತು ಗಾಂಜಾ.

ಪಂಕ್ ಎಂದರೆ ಯಾವ ಸಂಗೀತ?

ಶಾಸ್ತ್ರೀಯ ಕಛೇರಿಯಲ್ಲಿ ವೇದಿಕೆಗೂ ಸಭೆಗೂ ನಡುವೆ ವರ್ಷಗಳ ಸಾಧನೆಯ ಅಂತರವಿರುತ್ತದೆ. ಹಾಡುವವರು ಮೇಲೆ, ಕೇಳುವವರು ಕೆಳಗೆ. ಬೀದಿ ನಾಟಕದಲ್ಲಿ ಹಾಗಿಲ್ಲ. ಜನ ಸುತ್ತುವರಿದು ನಿಂತರೆ ಅದೇ ರಂಗ, ಒಂದು ತಮಟೆ ಇದ್ದರೆ ಅದೇ ವಾದ್ಯ, ಗಂಟಲಿದ್ದವನೇ ನಟ. ರಾಕ್ ಸಂಗೀತದ ಪ್ರಪಂಚದಲ್ಲಿ ಪಂಕ್ ಮಾಡಿದ್ದು ಬೀದಿ ನಾಟಕದ ಕೆಲಸ.

1970ರ ದಶಕದ ನಡುವಿಗೆ ರಾಕ್ ಸಂಗೀತ ದೊಡ್ಡ ಕ್ರೀಡಾಂಗಣಗಳ, ದುಬಾರಿ ಉಪಕರಣಗಳ, ಇಪ್ಪತ್ತು ನಿಮಿಷ ಎಳೆಯುವ ಹಾಡುಗಳ ವ್ಯವಹಾರವಾಗಿತ್ತು. ನ್ಯೂಯಾರ್ಕಿನ ಬವರಿ ಎಂಬ ಬಡ ಬೀದಿಯಲ್ಲಿದ್ದ ಸಿಬಿಜಿಬಿ ಎಂಬ ಸಣ್ಣ ಮದ್ಯದಂಗಡಿಯಲ್ಲಿ 1974ರಿಂದ ನುಡಿಸತೊಡಗಿದ ರಮೋನ್ಸ್ ತಂಡ ಆ ಪದ್ಧತಿಯನ್ನು ತಲೆಕೆಳಗು ಮಾಡಿತು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ. ಎಲ್ಲವನ್ನೂ ಕೇಳಿ ಮುಗಿಸಲು ಅರ್ಧ ಗಂಟೆಯೂ ಬೇಡ. ಗಿಟಾರಿನಲ್ಲಿ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಅಂತಹ ಮೂರು ಕಾರ್ಡ್ ಕಲಿತವರು ಒಂದು ಪಂಕ್ ತಂಡ ಕಟ್ಟಬಹುದಾಗಿತ್ತು. ಅದೇ ವರ್ಷ ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಮತ್ತು ಕ್ಲ್ಯಾಶ್ ತಂಡಗಳು ಇದೇ ಬೆಂಕಿಯನ್ನು ಹೊತ್ತಿಸಿದವು.

ಆದರೆ ಕಿಡಿ ಅದಕ್ಕಿಂತ ಹಳೆಯದು. ಪಂಕ್‌ನ ಹಿರೀಕರು ಯಾರು ಎಂದು ಹುಡುಕಿದವರು ಸಾಮಾನ್ಯವಾಗಿ ಹೋಗಿ ನಿಲ್ಲುವುದು 1960ರ ದಶಕದ ಡೆಟ್ರಾಯಿಟ್ ಪ್ರದೇಶದ ಎರಡು ತಂಡಗಳ ಬಳಿ: ಎಂಸಿ5 ಮತ್ತು ಸ್ಟೂಜಸ್. ಡೆಟ್ರಾಯಿಟನ್ನು ಮೋಟಾರು ನಗರ ಎನ್ನುತ್ತಾರಲ್ಲ, 'ಮೋಟಾರು ನಗರದ ಐವರು' ಎಂಬುದರ ಸಂಕ್ಷೇಪವೇ ಎಂಸಿ5. ಕಾರ್ಮಿಕರ ಬಡಾವಣೆಯಿಂದ ಬಂದ ಈ ಹುಡುಗರ ಸಂಗೀತ ಕಾರ್ಖಾನೆಯ ಸದ್ದಿನಷ್ಟೇ ಜೋರಾಗಿತ್ತು. 1968ರ ಅಕ್ಟೋಬರ್ ಕೊನೆಯಲ್ಲಿ ಡೆಟ್ರಾಯಿಟಿನ ಗ್ರ್ಯಾಂಡಿ ಬಾಲ್‌ರೂಮ್ ಸಭಾಂಗಣದಲ್ಲಿ ಎರಡು ರಾತ್ರಿ ಜನರ ಎದುರೇ ನುಡಿಸಿ ತಮ್ಮ ಮೊದಲ ಆಲ್ಬಮ್ಮನ್ನು ಧ್ವನಿಮುದ್ರಿಸಿದರು. ಈ ತಂಡದ ವ್ಯವಸ್ಥಾಪಕರೇ ಜಾನ್ ಸಿಂಕ್ಲೇರ್.

ಗಿಡ ಒಂದು, ಪಟ್ಟಿ ಇನ್ನೊಂದು

ಕ್ಯಾನಬಿಸ್ ಎಂಬುದು ಗಿಡದ ಹೆಸರು. ಅದರ ಹೂ ತೆನೆಯನ್ನು ಒಣಗಿಸಿದರೆ ಗಾಂಜಾ, ಅಂಟನ್ನು ತೆಗೆದರೆ ಚರಸ್, ಎಲೆಯನ್ನು ಅರೆದರೆ ಭಾಂಗ್. ನಮ್ಮ ಹಿರಿಯರ ಬಾಯಲ್ಲಿ ಭಂಗಿ ಸೊಪ್ಪು. ಅಮಲೇರಿಸುವ ಮುಖ್ಯ ರಾಸಾಯನಿಕಕ್ಕೆ ಟಿಎಚ್‌ಸಿ ಎಂದು ಹೆಸರು. ಅದು ನಿರುಪದ್ರವಿ ವಸ್ತುವಲ್ಲ. ಬೆಳೆಯುತ್ತಿರುವ ಮಿದುಳಿಗೆ ಅದು ಒಳ್ಳೆಯದಲ್ಲ ಎಂದು ವೈದ್ಯರು ಎಚ್ಚರಿಸುತ್ತಾರೆ. ಕಾನೂನುಬದ್ಧಗೊಳಿಸಿದ ರಾಜ್ಯಗಳೂ 21 ವರ್ಷ ತುಂಬದವರಿಗೆ ಮಾರುವಂತಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ಕೇಂದ್ರ ಸರ್ಕಾರ ಗಾಂಜಾದ ಮೇಲೆ ಮೊದಲು ಕೈಯಿಟ್ಟದ್ದು ತೆರಿಗೆಯ ಮೂಲಕ. 1937ರ ಕಾಯ್ದೆಯ ಪ್ರಕಾರ ತೆರಿಗೆ ಕಟ್ಟದೆ ಗಾಂಜಾ ಹೊಂದುವುದು ಅಪರಾಧ. ತೆರಿಗೆ ಕಟ್ಟಲು ಹೋದರೆ 'ನನ್ನ ಬಳಿ ಗಾಂಜಾ ಇದೆ' ಎಂದು ಒಪ್ಪಿಕೊಂಡಂತಾಗಿ, ರಾಜ್ಯದ ಕಾನೂನಿನಡಿ ಸಿಕ್ಕಿಬೀಳಬೇಕಾಗುತ್ತಿತ್ತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂಬ ಸಂವಿಧಾನದ ರಕ್ಷಣೆಗೆ ಇದು ವಿರುದ್ಧವೆಂದು 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಸಂಸತ್ತು ಹೊಸ ಕಾಯ್ದೆ ತಂದು, ಮಾದಕ ವಸ್ತುಗಳನ್ನು ಐದು ಪಟ್ಟಿಗಳಾಗಿ ವಿಂಗಡಿಸಿತು. ವೈದ್ಯಕೀಯ ಉಪಯೋಗವಿಲ್ಲದ, ದುರ್ಬಳಕೆಗೆ ಹೆಚ್ಚು ಅವಕಾಶವಿರುವ ವಸ್ತುಗಳ ಮೊದಲ ಪಟ್ಟಿಯಲ್ಲಿ ಹೆರಾಯಿನ್ ಪಕ್ಕದಲ್ಲಿಯೇ ಗಾಂಜಾ ಕುಳಿತಿತು. 2024ರಲ್ಲಿ ಚರ್ಚೆಗೆ ಬಂದದ್ದು ಇದೇ ಪಟ್ಟಿ.

ರಾಜ್ಯಗಳ ಕಾನೂನುಗಳು ಬೇರೆಯೇ ಇದ್ದವು. ಮಿಷಿಗನ್ ಕಾನೂನು ಗಾಂಜಾವನ್ನು ಅಫೀಮು, ಹೆರಾಯಿನ್‌ಗಳ ಗುಂಪಿಗೆ ಸೇರಿಸಿತ್ತು. ಹೊಂದಿದ್ದರೆ ಹತ್ತು ವರ್ಷದವರೆಗೆ ಸೆರೆ. ಮಾರಿದರೆ ಕನಿಷ್ಠ 20 ವರ್ಷ.

ಎರಡು ಸಿಗರೇಟು

ಸಿಂಕ್ಲೇರ್ ಡೆಟ್ರಾಯಿಟಿನಲ್ಲಿ ಕವಿಗಳು, ಜಾಝ್ ಸಂಗೀತಗಾರರು ಸೇರುವ ಕಲಾವಿದರ ಕೇಂದ್ರವೊಂದನ್ನು ಕಟ್ಟಿದ್ದರು. ಗಾಂಜಾ ಸೇದುವುದನ್ನು ಮುಚ್ಚಿಡದೆ, ಅದನ್ನು ಅಪರಾಧವೆನ್ನುವುದೇ ತಪ್ಪು ಎಂದು ಬರೆಯುತ್ತಿದ್ದ ಅವರ ಮೇಲೆ ಪೊಲೀಸರ ಕಣ್ಣಿತ್ತು. ಎರಡು ಸಲ ಶಿಕ್ಷೆಯೂ ಆಗಿತ್ತು.

1966ರಲ್ಲಿ ಇಬ್ಬರು ಪೊಲೀಸರು, ಒಬ್ಬ ಗಂಡಸು ಒಬ್ಬ ಹೆಂಗಸು, ವೇಷ ಮರೆಸಿಕೊಂಡು ಆ ಕೇಂದ್ರಕ್ಕೆ ಬರತೊಡಗಿದರು. ತಿಂಗಳುಗಟ್ಟಲೆ ಬಂದರು. ಬೆರಳಚ್ಚು ಮಾಡಿಕೊಟ್ಟರು, ಸಣ್ಣಪುಟ್ಟ ಕೆಲಸಗಳಿಗೆ ಕೈಜೋಡಿಸಿದರು, ಮನೆಯವರಂತಾದರು. ಡಿಸೆಂಬರ್ 22ರಂದು ಆ ಮಹಿಳಾ ಪೊಲೀಸ್ ಗಾಂಜಾ ಸಿಗಬಹುದೇ ಎಂದು ಕೇಳಿದರು. ಸಿಂಕ್ಲೇರ್ ಒಂದು ಸಿಗರೇಟು ಸುತ್ತಿ ಕೊಟ್ಟರು, ಆಮೇಲೆ ಇನ್ನೊಂದು. ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ತಿಂಗಳು ಪೊಲೀಸರು ಕೇಂದ್ರದ ಮೇಲೆ ದಾಳಿ ಮಾಡಿ ಹತ್ತಾರು ಜನರನ್ನು ಹಿಡಿದೊಯ್ದರು.

ಪ್ರಕರಣ ಎರಡೂವರೆ ವರ್ಷ ಎಳೆಯಿತು. ಆ ಅವಧಿಯಲ್ಲಿಯೇ ಸಿಂಕ್ಲೇರ್ ಎಂಸಿ5 ತಂಡದ ಹೊಣೆ ಹೊತ್ತದ್ದು, 43 ಜನ ಸತ್ತ 1967ರ ಡೆಟ್ರಾಯಿಟ್ ದಂಗೆಯ ನಂತರ ತಂಡದೊಂದಿಗೆ ಆನ್ ಆರ್ಬರ್‌ಗೆ ಹೋಗಿ ಒಂದೇ ಮನೆಯಲ್ಲಿ ಕೂಡಿ ಬಾಳಿದ್ದು. ಕಪ್ಪು ಜನರ ಹೋರಾಟವಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಬೆಂಬಲವಾಗಿ ಬಿಳಿಯ ಯುವಕರ ವೈಟ್ ಪ್ಯಾಂಥರ್ ಪಕ್ಷವನ್ನು ಕಟ್ಟಿದ್ದೂ ಆಗಲೇ. (ಹೆಸರು ಕೇಳಿ ಬಿಳಿಯರ ಮೇಲರಿಮೆಯ ಸಂಘಟನೆ ಎಂದು ತಿಳಿಯುವವರಿದ್ದಾರೆ, ಅದು ತದ್ವಿರುದ್ಧ.) 1968ರ ಆಗಸ್ಟಿನಲ್ಲಿ ವಿಯೆಟ್ನಾಂ ಯುದ್ಧದ ವಿರೋಧಿಗಳು ಷಿಕಾಗೋದಲ್ಲಿ ಸೇರಿದಾಗ, ಪೊಲೀಸರ ಲಾಠಿಯ ಎದುರು ಉದ್ಯಾನದಲ್ಲಿ ನಿಂತು ನುಡಿಸಿದ್ದು ಎಂಸಿ5.

1969ರ ಜುಲೈನಲ್ಲಿ ತೀರ್ಪು ಬಂತು. ಮಾರಾಟದ ಆರೋಪ ಬಿದ್ದುಹೋಗಿತ್ತು, ಹೊಂದಿದ್ದ ಆರೋಪ ನಿಂತಿತು. ಎರಡು ಸಿಗರೇಟಿಗೆ ಒಂಬತ್ತೂವರೆಯಿಂದ ಹತ್ತು ವರ್ಷ ಸೆರೆವಾಸ. ಜಾಮೀನೂ ಇಲ್ಲ. 27 ವರ್ಷದ ಮನುಷ್ಯನನ್ನು ನೇರ ಜೈಲಿಗೆ ಒಯ್ದರು. ಈ ಸಂಗತಿಯನ್ನು ಎಷ್ಟು ಸಲ ಓದಿದರೂ ನನಗೆ ಎದೆ ಭಾರವಾಗುತ್ತದೆ. ಅವರು ಎಲ್ಲ ವಿಷಯದಲ್ಲೂ ಸರಿಯಾಗಿದ್ದರು ಎಂದಲ್ಲ. ಅಪರಾಧದ ಅಳತೆಗೂ ಶಿಕ್ಷೆಯ ಅಳತೆಗೂ ಇಷ್ಟು ಅಂತರವಿದ್ದಾಗ, ಶಿಕ್ಷೆ ನಿಜವಾಗಿ ಯಾವುದಕ್ಕೆ ಬಿತ್ತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಮುಂದಿನ ತಿಂಗಳ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ, ಹೋರಾಟಗಾರ ಆ್ಯಬಿ ಹಾಫ್‌ಮನ್ ಹಾಡಿನ ನಡುವೆ ವೇದಿಕೆಗೆ ನುಗ್ಗಿ, ಸಿಂಕ್ಲೇರ್ ಜೈಲಿನಲ್ಲಿ ಕೊಳೆಯುತ್ತಿರುವಾಗ ನಾವಿಲ್ಲಿ ಕುಣಿಯುತ್ತಿದ್ದೇವೆ ಎಂಬರ್ಥದ ಮಾತು ಕೂಗಿದರು. ಆಗ ನುಡಿಸುತ್ತಿದ್ದ 'ದಿ ಹೂ' ಎಂಬ ಬ್ರಿಟಿಷ್ ರಾಕ್ ತಂಡದ ಗಿಟಾರ್ ವಾದಕರು ಅವರನ್ನು ಗಿಟಾರಿನಿಂದಲೇ ತಳ್ಳಿ ಹೊರದಬ್ಬಿದರು. ಸಂಗೀತಕ್ಕೂ ಚಳವಳಿಗೂ ನಡುವಿನ ನಂಟು ಎಲ್ಲ ಕಾಲದಲ್ಲೂ ಸಲೀಸಾಗಿರಲಿಲ್ಲ ಎಂಬುದಕ್ಕೆ ಆ ಘಟನೆ ಸಾಕ್ಷಿ.

ಡಿಸೆಂಬರ್ 10ರ ರಾತ್ರಿ, ಮತ್ತು ಕಾನೂನಿಲ್ಲದ ಮೂರು ವಾರ

1971ರ ಡಿಸೆಂಬರ್ 10ರಂದು ಆನ್ ಆರ್ಬರ್‌ನ ಕ್ರೈಸ್ಲರ್ ಅರೀನಾ ಕ್ರೀಡಾಂಗಣದಲ್ಲಿ ಸಿಂಕ್ಲೇರ್ ಬಿಡುಗಡೆಗಾಗಿ ಒಂದು ಸಂಗೀತ ಸಭೆ ನಡೆಯಿತು. ಟಿಕೆಟಿನ ಬೆಲೆ ಮೂರು ಡಾಲರ್. ಸುಮಾರು 15,000 ಜನ ಸೇರಿದರು. ಕವಿ ಆ್ಯಲೆನ್ ಗಿನ್ಸ್‌ಬರ್ಗ್ ಬಂದರು, ಬ್ಲ್ಯಾಕ್ ಪ್ಯಾಂಥರ್ ನಾಯಕ ಬಾಬಿ ಸೀಲ್ ಬಂದರು, ಸ್ಟೀವಿ ವಂಡರ್ ಹಾಡಿದರು. ನಡುರಾತ್ರಿ ಕಳೆದ ಎಷ್ಟೋ ಹೊತ್ತಿನ ಮೇಲೆ ಬೀಟಲ್ಸ್ ಖ್ಯಾತಿಯ ಬ್ರಿಟಿಷ್ ಗಾಯಕ ಜಾನ್ ಲೆನನ್ ಮತ್ತು ಅವರ ಪತ್ನಿ ಯೋಕೊ ಓನೊ ವೇದಿಕೆಗೆ ಬಂದರು. ಸಿಂಕ್ಲೇರ್ ಹೆಸರಿನಲ್ಲೇ ಲೆನನ್ ಒಂದು ಹಾಡು ಕಟ್ಟಿ ತಂದಿದ್ದರು. ಸಭಿಕರ ನಡುವೆ ಕೇಂದ್ರ ಸರ್ಕಾರದ ತನಿಖಾ ಸಂಸ್ಥೆಯಾದ ಎಫ್‌ಬಿಐ ಮಾಹಿತಿದಾರರೂ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅವರ ಟಿಪ್ಪಣಿಗಳ ಕಥೆ ಮುಂದೆ ಬರುತ್ತದೆ.

ಮೂರು ದಿನಗಳ ನಂತರ, ಡಿಸೆಂಬರ್ 13ರಂದು, ಮಿಷಿಗನ್ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. 29 ತಿಂಗಳ ಸೆರೆವಾಸ ಮುಗಿಯಿತು.

ಲೆನನ್ ಹಾಡಿದರು, ಜೈಲಿನ ಬಾಗಿಲು ತೆರೆಯಿತು ಎಂದೇ ಈ ಕಥೆಯನ್ನು ಹೆಚ್ಚಾಗಿ ಹೇಳುತ್ತಾರೆ. ಕಾನೂನು ಬದಲಾಗುವ ಬಗೆಯನ್ನು ಅರಿಯಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಸಭೆಯ ಹಿಂದಿನ ದಿನವೇ ರಾಜ್ಯದ ಶಾಸನಸಭೆಯು ಗಾಂಜಾ ಹೊಂದುವುದರ ಶಿಕ್ಷೆಯನ್ನು ಹತ್ತು ವರ್ಷದಿಂದ ಒಂದು ವರ್ಷಕ್ಕೆ ಇಳಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಸಿಂಕ್ಲೇರ್ ಹೊಸ ಕಾನೂನಿನ ಗರಿಷ್ಠ ಶಿಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಆಗಲೇ ಒಳಗಿದ್ದರು. ಅವರ ವಕೀಲರು ವರ್ಷಗಳಿಂದ ಮೇಲ್ಮನವಿಯ ಬೆನ್ನು ಹತ್ತಿದ್ದರು. ನಮ್ಮ ಎಪ್ಪತ್ತರ, ಎಂಬತ್ತರ ದಶಕಗಳ ರೈತ, ದಲಿತ ಚಳವಳಿಗಳನ್ನು ಕಂಡವರಿಗೆ ಈ ವಿನ್ಯಾಸ ಪರಿಚಿತ: ಹಾಡು ಜನರನ್ನು ಮೈದಾನಕ್ಕೆ ತರುತ್ತದೆ, ಮೈದಾನ ತುಂಬಿದ್ದರಿಂದ ಶಾಸನಸಭೆ, ನ್ಯಾಯಾಲಯಗಳ ಒಳಗೆ ಕುಳಿತವರು ಕಾಗದ ಓದುತ್ತಾರೆ. ಆದರೆ ಕಾಗದ ಬರೆದಿಟ್ಟುಕೊಂಡವರೂ ಇರಬೇಕು.

1972ರ ಮಾರ್ಚ್ 9ರಂದು ಅದೇ ನ್ಯಾಯಾಲಯ ಅಂತಿಮ ತೀರ್ಪು ಕೊಟ್ಟು ಶಿಕ್ಷೆಯನ್ನು ರದ್ದುಪಡಿಸಿತು. ನ್ಯಾಯಮೂರ್ತಿಗಳು ಬೇರೆ ಬೇರೆ ಕಾರಣ ಬರೆದರು. ಒಂದು, ವರ್ಗೀಕರಣದ ತಪ್ಪು. ಸಿಗ್ನಲ್ ದಾಟಿದವನನ್ನೂ ಮನುಷ್ಯನಿಗೆ ಗುದ್ದಿ ಓಡಿಹೋದವನನ್ನೂ ಒಂದೇ ಕಲಮಿನಡಿ ತಂದು ಒಂದೇ ಶಿಕ್ಷೆ ವಿಧಿಸಿದರೆ ಹೇಗೋ, ಗಾಂಜಾವನ್ನು ಹೆರಾಯಿನ್‌ನೊಂದಿಗೆ ಸೇರಿಸಿದ್ದು ಹಾಗೆ. ಇದು ಕಾನೂನಿನ ಮುಂದೆ ಸಮಾನತೆಯ ತತ್ವಕ್ಕೆ ವಿರುದ್ಧ. ಎರಡು, ಅಪರಾಧ ಮಾಡುವ ಉದ್ದೇಶವಿಲ್ಲದವನನ್ನು ಪೊಲೀಸರೇ ಕೇಳಿ, ಕಾಡಿ, ಅಪರಾಧಕ್ಕೆ ಎಳೆದು ಹಿಡಿಯುವಂತಿಲ್ಲ. ವ್ಯಕ್ತಿ ತನ್ನ ಖಾಸಗಿ ಬದುಕಿನಲ್ಲಿ ಏನು ಮಾಡುತ್ತಾನೆ ಎಂಬುದರಲ್ಲಿ ಸರ್ಕಾರಕ್ಕೆ ಎಷ್ಟು ಹಕ್ಕಿದೆ ಎಂಬ ಮಾತನ್ನೂ ಒಬ್ಬ ನ್ಯಾಯಮೂರ್ತಿ ಎತ್ತಿದರು.

ಈ ತೀರ್ಪಿನಿಂದ ಹಳೆಯ ಕಾನೂನು ಸತ್ತಿತು. ಹೊಸ ಕಾನೂನು ಜಾರಿಗೆ ಬರಬೇಕಿದ್ದದ್ದು ಏಪ್ರಿಲ್ 1ರಂದು. ನಡುವಿನ ಮೂರು ವಾರ ಮಿಷಿಗನ್‌ನಲ್ಲಿ ಗಾಂಜಾದ ವಿರುದ್ಧ ರಾಜ್ಯದ ಕಾನೂನೇ ಇರಲಿಲ್ಲ. ಹೊಸ ಕಾನೂನು ಕಾಲಿಟ್ಟ ದಿನ, ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ನಡುವಿನ ಅಂಗಳದಲ್ಲಿ ಯುವಜನರು ಸೇರಿ ಬಹಿರಂಗವಾಗಿ ಗಾಂಜಾ ಸೇದಿ ಪ್ರತಿಭಟಿಸಿದರು. ಹ್ಯಾಶ್ ಬ್ಯಾಶ್ ಎಂದು ಕರೆಯುವ ಆ ಕೂಟ ಈಗಲೂ ಏಪ್ರಿಲ್‌ನ ಮೊದಲ ಶನಿವಾರ ನಡೆಯುತ್ತದೆ. 2024ರಲ್ಲಿ ಅದು ನಡೆದದ್ದು ಸಿಂಕ್ಲೇರ್ ತೀರಿಕೊಂಡ ನಾಲ್ಕನೆಯ ದಿನ.

ಇದೇ ಗುಂಪಿನ ಇನ್ನೊಂದು ಪ್ರಕರಣದ ಪ್ರಭಾವ ಗಾಂಜಾವನ್ನೂ ಮೀರಿದ್ದು. ಆನ್ ಆರ್ಬರ್‌ನ ಗೂಢಚಾರ ಸಂಸ್ಥೆ ಸಿಐಎಯ ನೇಮಕಾತಿ ಕಚೇರಿಯಲ್ಲಿ 1968ರಲ್ಲಿ ಬಾಂಬು ಸಿಡಿದಾಗ ಸಿಂಕ್ಲೇರ್ ಸೇರಿದಂತೆ ವೈಟ್ ಪ್ಯಾಂಥರ್‌ಗಳ ಮೇಲೆ ಆರೋಪ ಬಂತು. ಸರ್ಕಾರ ನ್ಯಾಯಾಲಯದ ವಾರಂಟ್ ಇಲ್ಲದೆಯೇ ದೂರವಾಣಿ ಕದ್ದಾಲಿಸಿತ್ತು. ದೇಶದೊಳಗಿನ ಗುಂಪುಗಳ ವಿಷಯದಲ್ಲಿ ಹಾಗೆ ಮಾಡುವಂತಿಲ್ಲ ಎಂದು 1972ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದೂ ವಿರೋಧ ಮತವಿಲ್ಲದೆ ತೀರ್ಪಿತ್ತಿತು.

ಐದು ಡಾಲರ್ ದಂಡ

ಈ ಚರ್ಚೆಯಲ್ಲಿ ಜನ ಹೆಚ್ಚು ಗೊಂದಲ ಮಾಡಿಕೊಳ್ಳುವ ಎರಡು ಪದಗಳು ಅಪರಾಧಮುಕ್ತ ಮತ್ತು ಕಾನೂನುಬದ್ಧ.

ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಿ ಮನೆಗೆ ಹೋಗುತ್ತೇವೆ. ಅದು ತಪ್ಪೇ, ಆದರೆ ಅದಕ್ಕಾಗಿ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಗಾಂಜಾವನ್ನು ಈ ಬಗೆಯ ತಪ್ಪಾಗಿ ಮಾಡುವುದು ಅಪರಾಧಮುಕ್ತಗೊಳಿಸುವಿಕೆ. ಅಂಗಡಿಯಲ್ಲಿ ಮಾರುವಂತಿಲ್ಲ, ಆದರೆ ಸೇದಿದವನಿಗೆ ಸೆರೆಯಿಲ್ಲ. ಮದ್ಯದಂಗಡಿಗೆ ಅಬಕಾರಿ ಪರವಾನಗಿ ಕೊಟ್ಟು, ತೆರಿಗೆ ವಸೂಲಿ ಮಾಡಿ, ವಯಸ್ಸಿನ ಮಿತಿ ಹಾಕುತ್ತಾರಲ್ಲ, ಗಾಂಜಾಕ್ಕೂ ಹಾಗೆ ಮಾಡಿದರೆ ಅದು ಕಾನೂನುಬದ್ಧಗೊಳಿಸುವಿಕೆ.

ಆನ್ ಆರ್ಬರ್ ಹಿಡಿದದ್ದು ಮೊದಲ ದಾರಿ. 1972ರ ಏಪ್ರಿಲ್‌ನಲ್ಲಿ ಮಾನವ ಹಕ್ಕುಗಳ ಪಕ್ಷ ಎಂಬ ಸಣ್ಣ ಪಕ್ಷದ ಇಬ್ಬರು ನಗರಸಭೆಗೆ ಗೆದ್ದುಬಂದರು. ಕೆಲವೇ ವಾರಗಳಲ್ಲಿ ಗಾಂಜಾ ಹೊಂದಿದ್ದರೆ ಕೇವಲ ಐದು ಡಾಲರ್ ದಂಡ ಎಂಬ ನಿಯಮ ಬಂತು. ಮರುವರ್ಷ ಅಧಿಕಾರ ಬದಲಾಗಿ ನಿಯಮ ರದ್ದಾಯಿತು. 1974ರಲ್ಲಿ ಊರಿನ ಮತದಾರರೇ ಮತ ಹಾಕಿ ಅದನ್ನು ನಗರದ ಮೂಲ ಸನ್ನದಿಗೆ ಸೇರಿಸಿದರು. ಇನ್ನು ನಗರಸಭೆ ಒಂದೇ ನಿರ್ಣಯದಿಂದ ಅದನ್ನು ಕಿತ್ತುಹಾಕುವಂತಿರಲಿಲ್ಲ. ಹಾಡಿನ ಸದ್ದು ಅಡಗಿ ವರ್ಷಗಳಾದ ಮೇಲೂ ಆ ನಿಯಮ ಉಳಿಯಲು ಕಾರಣ ಇದೇ.

ಪಂಕ್ ಮನೆಯೊಳಗಿನ ಭಿನ್ನಮತ

ಪಂಕ್ ಕೇಳುವವರೆಲ್ಲ ಗಾಂಜಾದ ಪರ ಎಂದು ಭಾವಿಸುವುದು ತಪ್ಪು. ವಾಷಿಂಗ್ಟನ್ ನಗರವೊಂದನ್ನೇ ನೋಡಬಹುದು. ಅಲ್ಲಿನ ಮೈನರ್ ಥ್ರೆಟ್ ತಂಡ 1981ರಲ್ಲಿ ಮಾದಕ ವಸ್ತು, ಮದ್ಯಗಳನ್ನು ದೂರವಿಡುವ ನಿಲುವನ್ನು ಒಂದು ನಿಮಿಷಕ್ಕೂ ಚಿಕ್ಕದಾದ ಹಾಡಿನಲ್ಲಿ ಸಾರಿತು. ಅದರಿಂದ ಸ್ಟ್ರೇಟ್ ಎಡ್ಜ್ ಎಂಬ ಪಂಥವೇ ಹುಟ್ಟಿತು. ಅದನ್ನು ಒಪ್ಪಿದವರು ಅಂಗೈ ಹಿಂಭಾಗದಲ್ಲಿ ಗುಣಾಕಾರದ ಗುರುತು ಬರೆದುಕೊಳ್ಳುತ್ತಿದ್ದರು. ಮದ್ಯ ಕೊಡಬಾರದ ಚಿಕ್ಕ ವಯಸ್ಸಿನವರ ಕೈಗೆ ಕ್ಲಬ್ಬುಗಳು ಹಾಕುತ್ತಿದ್ದ ಗುರುತು ಅದು; ಅದನ್ನೇ ಹೆಮ್ಮೆಯ ಚಿಹ್ನೆ ಮಾಡಿಕೊಂಡರು.

ಅದೇ ನಗರದಲ್ಲಿ ಯಿಪ್ಪಿಗಳು ಎಂಬ ಹೋರಾಟಗಾರರು ಜುಲೈ 4ರ ಸ್ವಾತಂತ್ರ್ಯ ದಿನದಂದು ಬಹಿರಂಗವಾಗಿ ಗಾಂಜಾ ಸೇದುವ ಪ್ರತಿಭಟನೆಯನ್ನು ವರ್ಷವರ್ಷ ನಡೆಸುತ್ತಿದ್ದರು. 1983ರಲ್ಲಿ ಅವರು ಅಧ್ಯಕ್ಷ ರೇಗನ್ ವಿರುದ್ಧ ಸಂಗೀತ ಯಾತ್ರೆ ಹೊರಡಿಸಿದರು. ಜುಲೈ 3ರಂದು ವಾಷಿಂಗ್ಟನ್ನಿನ ದೊಡ್ಡ ಮೈದಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಂಕ್ ತಂಡವಾದ ಡೆಡ್ ಕೆನಡೀಸ್ ನುಡಿಸಿತು. ಈ ತಂಡದ ಗಾಯಕ ಜೆಲ್ಲೋ ಬಿಯಾಫ್ರಾ 1979ರಲ್ಲಿ ತಮ್ಮ ಊರಿನ ಮೇಯರ್ ಚುನಾವಣೆಗೆ ನಿಂತು ನಾಲ್ಕನೆಯ ಸ್ಥಾನ ಪಡೆದಿದ್ದವರು. ಗಾಂಜಾ ಸೇದುವವರನ್ನೂ ಮುಟ್ಟದವರನ್ನೂ ಕೂಡಿಸಿದ್ದು ಒಂದು ನಂಬಿಕೆ: ನನ್ನ ದೇಹದ ವಿಷಯ ನಾನು ತೀರ್ಮಾನಿಸುತ್ತೇನೆ. ಸ್ಟ್ರೇಟ್ ಎಡ್ಜ್‌ನವರು ಅದೇ ನಂಬಿಕೆಯಿಂದ ಬೇಡವೆಂದರು.

ಎಂಸಿ5ನ ಬದುಕು ಇನ್ನೂ ಕಹಿಯಾಗಿತ್ತು. 1972ರ ಕೊನೆಗೆ ತಂಡ ಒಡೆಯಿತು. ಹೆರಾಯಿನ್ ಅದನ್ನು ತಿಂದುಹಾಕಿತ್ತು. ವೇಯ್ನ್ ಕ್ರೇಮರ್ ಕೊಕೇನ್ ಮಾರಾಟದ ಪ್ರಕರಣದಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಜೈಲು ಸೇರಿದರು. ಲಂಡನ್ನಿನ ಕ್ಲ್ಯಾಶ್ ತಂಡ ಆ ಸಂಗತಿಯನ್ನು ತನ್ನ ಒಂದು ಹಾಡಿನಲ್ಲಿ ತಂದಿತು. ಮುಂದೆ ಇಂಗ್ಲೆಂಡಿನ ಗಾಯಕ ಬಿಲ್ಲಿ ಬ್ರ್ಯಾಗ್ ಕೈದಿಗಳಿಗೆ ಗಿಟಾರ್ ಕೊಡುವ ಕೆಲಸಕ್ಕೆ ಆ ಹಾಡಿನ ಹೆಸರನ್ನೇ ಇಟ್ಟರು. 2009ರಲ್ಲಿ ಕ್ರೇಮರ್ ತಾವೇ ಅದರ ಅಮೆರಿಕದ ಶಾಖೆಯನ್ನು ಆರಂಭಿಸಿ, ಸಾಯುವವರೆಗೂ ಜೈಲುಗಳಿಗೆ ಗಿಟಾರ್ ಹೊತ್ತು ನಡೆದರು.

ಸೆರೆಯ ಮಾತು ಬಂದಿರುವುದರಿಂದ ಒಂದು ಅಂಕಿಯನ್ನು ಹೇಳಲೇಬೇಕು. ಕಪ್ಪು ಜನರೂ ಬಿಳಿಯರೂ ಗಾಂಜಾ ಬಳಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ 2018ರ ಲೆಕ್ಕದಲ್ಲಿ, ಗಾಂಜಾ ಹೊಂದಿದ್ದಕ್ಕಾಗಿ ಬಂಧನಕ್ಕೊಳಗಾಗುವ ಸಾಧ್ಯತೆ ಕಪ್ಪು ಜನರಿಗೆ 3.6 ಪಟ್ಟು ಹೆಚ್ಚಿತ್ತು ಎಂದು ಅಮೆರಿಕದ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ತೋರಿಸಿದೆ. ಅವರಲ್ಲಿ ಯಾರಿಗಾಗಿಯೂ ಲೆನನ್ ಹಾಡು ಕಟ್ಟಲಿಲ್ಲ.

ರೋಗಿಗಳು, ಮತದಾರರು, ಅಂಗಡಿ

ಚಳವಳಿಯ ದಿಕ್ಕನ್ನು ಬದಲಿಸಿದವರು ರೋಗಿಗಳು. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್ ನೂರಾರು ಮನೆಗಳನ್ನು ಬರಿದು ಮಾಡುತ್ತಿದ್ದಾಗ, ಗಾಂಜಾ ಸೇವಿಸಿದರೆ ವಾಕರಿಕೆ ನಿಂತು ಊಟ ಸೇರುತ್ತದೆ ಎಂದು ರೋಗಿಗಳು ಹೇಳತೊಡಗಿದರು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ವೈದ್ಯಕೀಯ ಬಳಕೆಗೆ ಒಪ್ಪಿದರು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜನರು ಸಾಕಷ್ಟು ಸಹಿ ಸಂಗ್ರಹಿಸಿದರೆ ಒಂದು ಕಾನೂನನ್ನು ನೇರವಾಗಿ ಮತಕ್ಕೆ ಹಾಕಬಹುದು. ನಮ್ಮಲ್ಲಿ ಆ ವ್ಯವಸ್ಥೆಯಿಲ್ಲ. ಹಾಗಾಗಿ ಅಲ್ಲಿ ನಡೆದದ್ದು ಇಲ್ಲಿಯೂ ಅದೇ ದಾರಿಯಲ್ಲಿ ನಡೆಯುತ್ತದೆ ಎನ್ನಲಾಗದು.

ಮಿಷಿಗನ್ 2008ರಲ್ಲಿ ವೈದ್ಯಕೀಯ ಬಳಕೆಗೆ, 2018ರ ನವೆಂಬರ್‌ನಲ್ಲಿ ಸುಮಾರು 56 ಶೇಕಡಾ ಮತಗಳಿಂದ ವಯಸ್ಕರ ಬಳಕೆಗೆ ಒಪ್ಪಿಗೆ ಕೊಟ್ಟಿತು. 2019ರ ಡಿಸೆಂಬರ್ 1ರಂದು ಆನ್ ಆರ್ಬರ್‌ನ ಅಂಗಡಿಗಳಲ್ಲಿ ಮೊದಲ ಮಾರಾಟ. ಅಂದು ಸರದಿಯ ಮುಂಚೂಣಿಯಲ್ಲಿದ್ದ ಗ್ರಾಹಕರಲ್ಲಿ 78 ವರ್ಷದ ಜಾನ್ ಸಿಂಕ್ಲೇರ್ ಒಬ್ಬರು. ಸುತ್ತಿದ ಸಿಗರೇಟುಗಳನ್ನು ದುಡ್ಡು ಕೊಟ್ಟು ಕೊಂಡರು.

ಒಂದೇ ಬಾಗಿಲಿಗೆ ಎರಡು ಬೀಗ

ಈಗ ಮಕ್ಕಳ ಉತ್ತರದ ಎರಡನೆಯ ಭಾಗಕ್ಕೆ ಬರೋಣ. ತಪ್ಪಲ್ಲದಿದ್ದರೆ ಮುಟ್ಟುವಂತಿಲ್ಲ ಏಕೆ?

ಬಾಗಿಲೊಂದಕ್ಕೆ ಎರಡು ಬೀಗ ಹಾಕಿದೆ ಎಂದುಕೊಳ್ಳಿ. ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ್ದು. 2024ರ ಕೊನೆಗೆ 24 ರಾಜ್ಯಗಳು ವಯಸ್ಕರ ಬಳಕೆಗಾಗಿ ತಮ್ಮ ಬೀಗ ತೆಗೆದಿದ್ದವು. ಕೇಂದ್ರದ ಬೀಗ ಹಾಗೆಯೇ ಇದೆ. ಅದನ್ನು ಕಾಯಲು ಪ್ರತಿ ಬಾಗಿಲಲ್ಲೂ ಯಾರೂ ನಿಂತಿಲ್ಲ ಅಷ್ಟೇ. ಗಾಂಜಾವನ್ನು ಮೊದಲ ಪಟ್ಟಿಯಿಂದ ಮೂರನೆಯ ಪಟ್ಟಿಗೆ ಇಳಿಸುವುದೆಂದರೂ ಈ ಬೀಗವನ್ನು ತೆಗೆಯುವುದಲ್ಲ. ಸಂಶೋಧನೆ ಸುಲಭವಾಗುತ್ತದೆ, ಅಂಗಡಿಗಳ ತೆರಿಗೆ ಹೊರೆ ಇಳಿಯುತ್ತದೆ. ಮೋಜಿಗಾಗಿ ಹೊಂದುವುದು ಕೇಂದ್ರ ಕಾನೂನಿನಲ್ಲಿ ತಪ್ಪಾಗಿಯೇ ಉಳಿಯುತ್ತದೆ.

ವೀಸಾ, ಗ್ರೀನ್ ಕಾರ್ಡ್, ಪೌರತ್ವ ಇವೆಲ್ಲ ಕೇಂದ್ರದ ವಿಷಯ. ಅಮೆರಿಕದ ಪ್ರಜೆಯಲ್ಲದವರು ಕೇಂದ್ರದ ಬೀಗದ ಎದುರೇ ನಿಂತಿರುತ್ತಾರೆ. ಇದು ಎಷ್ಟು ಹಳೆಯ ತೊಡಕು ಎಂಬುದಕ್ಕೆ ಲೆನನ್ ಅವರೇ ಉದಾಹರಣೆ. 1968ರಲ್ಲಿ ಲಂಡನ್ನಿನ ಮನೆಯಲ್ಲಿ ಚರಸ್ ಸಿಕ್ಕಿದ್ದಕ್ಕೆ ಅವರಿಗೆ 150 ಪೌಂಡ್ ದಂಡ ಬಿದ್ದಿತ್ತು. ಆನ್ ಆರ್ಬರ್ ಸಭೆಯ ಬಗೆಗಿನ ಎಫ್‌ಬಿಐ ಟಿಪ್ಪಣಿಗಳು ಮೇಲಕ್ಕೆ ಹೋದ ಕೆಲವೇ ವಾರಗಳಲ್ಲಿ, 1972ರಲ್ಲಿ, ಅದೇ ಹಳೆಯ ದಂಡವನ್ನು ಮುಂದಿಟ್ಟುಕೊಂಡು ಅವರನ್ನು ಅಮೆರಿಕದಿಂದ ಹೊರಹಾಕುವ ಕ್ರಮ ಶುರುವಾಯಿತು. ಬ್ರಿಟನ್ನಿನ ಅಂದಿನ ಕಾನೂನಿನಲ್ಲಿ, ವಸ್ತು ತನ್ನ ಬಳಿ ಇದೆಯೆಂದು ಗೊತ್ತಿಲ್ಲದವನಿಗೂ ಶಿಕ್ಷೆಯಾಗಬಹುದಿತ್ತು. ಅಂತಹ ಶಿಕ್ಷೆಯನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು 1975ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 1976ರ ಜುಲೈನಲ್ಲಿ ಅವರ ಕೈಗೆ ಗ್ರೀನ್ ಕಾರ್ಡ್ ಬಂತು. ನಾಲ್ಕು ವರ್ಷದ ವ್ಯಾಜ್ಯ, ಜಗತ್ತಿನ ಅತ್ಯಂತ ಪ್ರಸಿದ್ಧ ಗಾಯಕರಲ್ಲೊಬ್ಬರಿಗೆ.

2019ರ ಏಪ್ರಿಲ್‌ನಲ್ಲಿ ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ ಈ ವಿಷಯವನ್ನು ಬರಹದಲ್ಲಿಯೇ ಸ್ಪಷ್ಟಪಡಿಸಿತು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಸಂಬಂಧದ ಕೃತ್ಯವು ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದು. ಅದಕ್ಕೆ ನ್ಯಾಯಾಲಯದ ಶಿಕ್ಷೆಯೇ ಆಗಿರಬೇಕೆಂದಿಲ್ಲ. ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಸಾಕು. ಪರವಾನಗಿ ಪಡೆದ ಗಾಂಜಾ ಅಂಗಡಿಯಲ್ಲಿ ಮಾಡಿದ ಕೆಲಸವೂ ಪ್ರಶ್ನೆಗೆ ಗುರಿಯಾಗಬಹುದು. 30 ಗ್ರಾಂ ಒಳಗಿನ ಒಂದೇ ಒಂದು ಪ್ರಕರಣಕ್ಕೆ ಕೆಲವು ಕಲಮುಗಳಲ್ಲಿ ವಿನಾಯಿತಿಯಿದೆ, ಎಲ್ಲದರಲ್ಲೂ ಇಲ್ಲ.

ಇಲ್ಲಿನ ಕಾನೂನು

ನಮ್ಮಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯೊಂದಿಗೆ ಸೇರಿರದ ಬೀಜ ಮತ್ತು ಎಲೆ ಆ ವ್ಯಾಖ್ಯೆಯ ಹೊರಗಿವೆ. ಈ ಕಾರಣದಿಂದಲೇ 2022ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್, ಭಾಂಗ್ ಹೊಂದಿದ್ದ ಆರೋಪಿಗೆ ಜಾಮೀನು ಕೊಡುವಾಗ ಅದು ಈ ಕಾಯ್ದೆಯಡಿ ನಿಷಿದ್ಧವೆಂದು ತೋರಿಸುವ ಆಧಾರವಿಲ್ಲ ಎಂದಿತು. ಗಾಂಜಾದ ವಿಷಯದಲ್ಲಿ ಒಂದು ಕಿಲೋವರೆಗೆ ಸಣ್ಣ ಪ್ರಮಾಣ. ಅದಕ್ಕೆ ಒಂದು ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋ ಮೀರಿದರೆ ಕನಿಷ್ಠ ಹತ್ತು ವರ್ಷ.

ಸಿಂಕ್ಲೇರ್ ಸುತ್ತಿಕೊಟ್ಟ ಎರಡು ಸಿಗರೇಟಿನಲ್ಲಿ ಇದ್ದ ಸೊಪ್ಪು ಒಂದು ಗ್ರಾಮಿಗೂ ಕಡಿಮೆ.